ಕಸಿಯಾದ ಮೇಲೂ ಆಲೆಮನೆ ನಡೆಸುತ್ತಿದ್ದೇನೆ

ತಮ್ಮನ ಯಕೃತ್ತಿನ ಭಾಗವನ್ನು ನನಗೆ ಕಸಿ ಮಾಡಿ ಈ ಯುಗಾದಿಗೆ 4 ವರ್ಷ ತುಂಬಿತು. ಸುಮಾರು 22 ಲಕ್ಷ ಖರ್ಚು ಮಾಡಿ ಮಂಡ್ಯದ ಹತ್ತಿರದ ನಮ್ಮೂರಿಗೆ ಮರಳಿದಾಗ ದೊಡ್ಡಪ್ಪನವರು, ‘ಮಣ್ಣು, ಗೊಬ್ಬರ, ಹೊಗೆ ಇನ್ನು ನಿನಗೆ ಆಗದು, ಗದ್ದೆಯನ್ನು ವಾರಕ್ಕೆ ಕೊಟ್ಟು ಮೈಸೂರಿನಲ್ಲಿ ಮನೆ ಮಾಡು ಮಗ’ ಎಂದಿದ್ದರು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲೇ ಇದ್ದು ಎರಡು ಹಂಗಾಮು ಆಲೆಮನೆ ನಡೆಸಿದ್ದೇನೆ. ಕಸಿಯಾದ ಯಕೃತ್ತನ್ನು ದೇಹ ತಿರಸ್ಕರಿಸದಂತೆ ನುಂಗುವ ಟ್ಯಾಕ್ರೋಲಿಮಸ್ ಮಾತ್ರೆಯ ಮಟ್ಟ ರಕ್ತದಲ್ಲಿ ಒಂದೂವರೆ ವರ್ಷದಿಂದ 5ರಿಂದ 7ರ ನಡುವೆ ನಿಂತಿದೆ. ನನಗೆ ಪರಿಚಯವಿರುವ ಕಸಿಯಾದವರ ಪೈಕಿ ಇಷ್ಟು ಸ್ಥಿರವಾಗಿ ಕಾಯ್ದುಕೊಂಡವರನ್ನು ನಾನು ಕಂಡಿಲ್ಲ.

ಮೊದಲ ವರ್ಷ ಹಾಗಿರಲಿಲ್ಲ. ರಕ್ತ ಪರೀಕ್ಷೆಯ ಕೇಂದ್ರ ತೆರೆಯುವುದು ಎಂಟೂವರೆಗೆ, ನನ್ನ ಮಾತ್ರೆಯ ಹೊತ್ತು ಎಂಟು ಗಂಟೆ. ಅಭ್ಯಾಸಬಲದಿಂದ ಎರಡು ಪರೀಕ್ಷೆಗಳಂದು ಮಾತ್ರೆ ನುಂಗಿದ ಮೇಲೆಯೇ ರಕ್ತ ಕೊಟ್ಟು, ಅದನ್ನು ಹೇಳದೆಯೂ ಇದ್ದೆ. ಆಗಷ್ಟೇ ನುಂಗಿದ ಮಾತ್ರೆಯಿಂದಾಗಿ ಮಟ್ಟ 14ರ ಆಸುಪಾಸು ಬಂದಿದ್ದನ್ನು ನೋಡಿ ವೈದ್ಯರು ಪ್ರಮಾಣ ಇಳಿಸಿದರು. ಮೂರು ವಾರದಲ್ಲಿ, ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಸ್‌ಜಿಪಿಟಿ 200 ದಾಟಿತು, ದೇಹ ಯಕೃತ್ತನ್ನು ತಿರಸ್ಕರಿಸತೊಡಗಿತ್ತು, ನರಕ್ಕೆ ಸ್ಟಿರಾಯ್ಡ್ ಹಾಕಿಸಲೆಂದು ಆಸ್ಪತ್ರೆ ಸೇರಿದ್ದಕ್ಕೆ ಸುಮಾರು 90 ಸಾವಿರ ಹೋಯಿತು. ವೈದ್ಯರ ಒಪ್ಪಿಗೆ ಪಡೆದು ಹೊತ್ತನ್ನು 9 ಗಂಟೆಗೆ ಬದಲಿಸಿಕೊಂಡದ್ದೇ ಆ ಗೊಂದಲವನ್ನು ಸರಿಪಡಿಸಿತು. ಪರೀಕ್ಷೆಯ ದಿನ ಮೊದಲು ರಕ್ತ, ಆಮೇಲೆ ಮಾತ್ರೆ. ಉಳಿದ ದಿನ ಬೆಳಗಿನ ಮೊದಲ ಕೊಪ್ಪರಿಗೆಯ ಪಾಕ ಅಚ್ಚಿಗೆ ಬಿದ್ದು ಕೈ ತೊಳೆಯುವ ಹೊತ್ತಿಗೆ ಸರಿಯಾಗಿ ಒಂಬತ್ತಾಗಿರುತ್ತದೆ. ಮದುವೆ ಮನೆ, ಸಾವಿನ ಮನೆಗಳಲ್ಲಿ ಹೊತ್ತು ತಪ್ಪದಂತೆ ಮಾಡಿಕೊಂಡಿರುವ ಏರ್ಪಾಡು ನನ್ನಲ್ಲೇ ಇರಲಿ.

ಮಟ್ಟ ಹೀಗೆ ನಿಲ್ಲುವ ಮೊದಲು, ಕಡಿಮೆ ಬೆಲೆಯೆಂದು ಬೇರೆ ಕಂಪನಿಯ ಮಾತ್ರೆ ತಂದು ತಿಂಗಳಿಗೆ 2 ಸಾವಿರ ಉಳಿಸಿದಾಗ ಮಟ್ಟ 3ಕ್ಕೆ ಇಳಿಯಿತು. ಕಂಪನಿ ಬದಲಿಸಿದ ಕೂಡಲೇ ರಕ್ತ ಪರೀಕ್ಷಿಸದೆ ಇದ್ದದ್ದು ನನ್ನ ತಪ್ಪು. ಅಮೃತಬಳ್ಳಿ ಕಷಾಯವನ್ನೂ ಹತ್ತು ದಿನ ಕುಡಿದು ಎಸ್‌ಜಿಪಿಟಿ ಏರಿಸಿಕೊಂಡಿದ್ದೇನೆ. ನಾವು ಅದುಮಿಡಬೇಕಾದ ರೋಗನಿರೋಧಕ ಶಕ್ತಿಯನ್ನೇ ಅದು ಕೆರಳಿಸುತ್ತದೆ, ಯಕೃತ್ತಿಗೂ ಪೆಟ್ಟು ಕೊಡಬಲ್ಲದು. ಮುದ್ದೆ ಉಂಡ ಕೂಡಲೇ ಮಾತ್ರೆ ನುಂಗಿ ಒಂದು ತಿಂಗಳು ನೋಡಿದೆ, ಮಟ್ಟ ಸುಮಾರು 2ರಷ್ಟು ಇಳಿಯಿತು. ಈಗ ಮಾತ್ರೆಯಾಗಿ ಒಂದು ಗಂಟೆಯ ಮೇಲೆಯೇ ಮುದ್ದೆ.

ಸೋಂಕಿನ ಭಯಕ್ಕೆ ಗೊಬ್ಬರದ ಗುಂಡಿ ಕೆದಕುವುದಿಲ್ಲ, ಬೂಷ್ಟು ಹಿಡಿದ ಕಬ್ಬಿನ ಸಿಪ್ಪೆ ಮುಟ್ಟುವುದಿಲ್ಲ, ಬಿಸಿಲಿಗೆ ತುಂಬುತೋಳಿನ ಅಂಗಿ ಬಿಟ್ಟಿರುವುದಿಲ್ಲ. ನನ್ನದೇ ಗಾಣದ ಕಬ್ಬಿನ ಹಾಲನ್ನು ನಾಲ್ಕು ವರ್ಷದಿಂದ ಕುಡಿದಿಲ್ಲ.

ಹೆಚ್ಚು ಕಾಡಿದ್ದು ಈ ಮಾತ್ರೆಯಿಂದ ಬರುವ ಕೈನಡುಕ. ಬಿಸಿ ಪಾಕದ ಹನಿಯನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ಹದ ನೋಡುವಾಗ ಹನಿ ಬಟ್ಟಲಿನ ಹೊರಗೆ ಬೀಳುತ್ತಿತ್ತು. ಮೊದಲ ಹಂಗಾಮಿನಲ್ಲಿ ಹದ ನೋಡಲೆಂದೇ ಒಬ್ಬರನ್ನು ಕೂಲಿಗೆ ಇಟ್ಟುಕೊಂಡಿದ್ದೆ. ಮಟ್ಟ ನಿಂತಂತೆ ನಡುಕವೂ ಇಳಿಯಿತು. ಹೋದ ಹಂಗಾಮಿನ ಹದವನ್ನೆಲ್ಲ ನಾನೇ ನೋಡಿದೆ, ದೊಡ್ಡಪ್ಪನವರು ಬಂದು ಮೊಮ್ಮಗಳ ಮದುವೆಗೆಂದು 50 ಅಚ್ಚು ಬೆಲ್ಲ ಕಟ್ಟಿಸಿಕೊಂಡು ಹೋದರು.