ಹಾರ್ಡ್‌ನಿಂದ ಇಳಿದ ಮೇಲೆ ಹೆದರಿಕೆ ಬಂತು

ರೆಸಿಡೆಂಟ್ ಈವಿಲ್ 4 ಹಾರರ್ ಗೇಮೇ ಅಲ್ಲ ಅಂತ ನನ್ನ ತಮ್ಮನ ವಾದ. ಹಾರರ್ರೇ ಅಂತ ನನ್ನದು. "ಅಣ್ಣಾ, ಕೈಯಲ್ಲಿ ಶಾಟ್‌ಗನ್ ಇದೆ, ಒದ್ದರೆ ಎಗರಿ ಬೀಳ್ತಾರೆ, ನಡುವೆ ಒಬ್ಬ ಬಂದು ಬಂದೂಕು ಬೇರೆ ಮಾರ್ತಾನೆ. ಇದರಲ್ಲಿ ಹೆದರೋಕೆ ಏನಿದೆ?" ಅಂತಾನೆ. ನಾನು ಅದರಲ್ಲಿ ಚೈನ್‌ಸಾ, ಅಂದರೆ ಯಂತ್ರದ ಗರಗಸ ಹಿಡಿದು ಬರುವವನ ಸದ್ದನ್ನು ನೆನಪಿಸುತ್ತೇನೆ. ಸ್ವಲ್ಪ ಹೊತ್ತು ಸುಮ್ಮನಾಗುತ್ತಾನೆ, ಮತ್ತೆ ಅದೇ ರಾಗ.

ಈ ಜಗಳ ಹೆಸರಿನ ಬಗ್ಗೆ ಅಂತಲೇ ನಾನು ಬಹಳ ದಿನ ನಂಬಿದ್ದೆ, ಆಡುವಾಗ ಆರಿಸುವ ಕಷ್ಟದ ಮಟ್ಟದ ಬಗ್ಗೆ ಅಂತ ಆಮೇಲೆ ಗೊತ್ತಾಯಿತು. ಸರ್ವೈವಲ್ ಹಾರರ್, ಅಂದರೆ ಹೆದರಿಕೆಯ ನಡುವೆ ಬದುಕುಳಿಯುವ ಆಟ ಎಂಬ ಹೆಸರು ಬಾಯಿಂದ ಬಾಯಿಗೆ ಹರಡಿದ್ದು 1996ರ ಮೊದಲ ರೆಸಿಡೆಂಟ್ ಈವಿಲ್‌ನಿಂದ. 1992ರ ಅಲೋನ್ ಇನ್ ದ ಡಾರ್ಕ್ ಅದೇ ದಾರಿಯಲ್ಲಿ ಆಗಲೇ ನಡೆದಿತ್ತು, ಹೆಸರು ಮಾತ್ರ ಇರಲಿಲ್ಲ. ಆ ಮೊದಲ ರೆಸಿಡೆಂಟ್ ಈವಿಲ್‌ನಲ್ಲಿ ಕಷ್ಟದ ಮಟ್ಟ ಪಾತ್ರದ ಆಯ್ಕೆಯಲ್ಲೇ ಅಡಗಿತ್ತು: ಜಿಲ್ ಎಂಟು ವಸ್ತು ಹೊರಬಲ್ಲಳು, ಕ್ರಿಸ್ ಆರು ಮಾತ್ರ. ಎರಡು ಜೇಬು ಕಡಿಮೆ, ಅಷ್ಟೇ. ಆದರೆ ಔಷಧದ ಗಿಡ ಒಯ್ಯಲೋ ಗುಂಡು ಒಯ್ಯಲೋ ಅಂತ ಬಾಗಿಲ ಮುಂದೆ ನಿಂತು ಲೆಕ್ಕ ಹಾಕಿದವನಿಗೆ ಆ ಎರಡು ಜೇಬಿನ ಬೆಲೆ ಗೊತ್ತು.

ನನ್ನ ಕಣ್ಣು ತೆರೆಸಿದ್ದು ಏಲಿಯನ್: ಐಸೊಲೇಶನ್, 2014ರ ಗೇಮ್. ಅದನ್ನು ಮಾಡಿದವರೇ ಹಾರ್ಡ್ ಎಂಬ ಕಷ್ಟದ ಮಟ್ಟದಲ್ಲಿ ಆಡಿ ಅಂತ ಶಿಫಾರಸು ಮಾಡುತ್ತಾರೆ. ನಾನೂ ಮೀಸೆ ತಿರುವಿ ಹಾರ್ಡ್ ಒತ್ತಿದೆ. ಆಸ್ಪತ್ರೆಯ ಭಾಗಕ್ಕೆ ಬರುವವರೆಗೆ ಎಲ್ಲ ಸರಿಯಿತ್ತು. ಅಲ್ಲಿ ಲಾಕರ್‌ನೊಳಗೆ ನಿಂತು, ಸೀಳುಗಂಡಿಯಿಂದ ಬೇಟೆಯಾಡುವ ಅನ್ಯಲೋಕದ ಜೀವಿಯ ಕಾಲು ನೋಡುತ್ತಾ ಉಸಿರು ಬಿಗಿಹಿಡಿಯುವ ಗುಂಡಿ ಒತ್ತಿಕೊಂಡಿದ್ದೆ. ಗುಂಡಿ ಒತ್ತಿದ್ದು ಗೇಮ್‌ನ ನಾಯಕಿಯ ಉಸಿರಿಗೆ, ಆದರೆ ನನ್ನದೂ ನಿಂತಿತ್ತು. ಮೊದಲ ಸಾವು ಹಾಗೆ ಬಂತು, ಎರಡನೆಯದೂ.

ಒಂಬತ್ತನೆಯ ಸಾವಿನ ಹೊತ್ತಿಗೆ ನಾನು ಆಕಳಿಸುತ್ತಿದ್ದೆ. ಅದೇ ಹಜಾರ, ಅದೇ ಬಾಗಿಲು, ಅದೇ ಕಂಪ್ಯೂಟರ್ ಸಂದೇಶವನ್ನು ಮತ್ತೆ ದಾಟಿಸಬೇಕು. ಆ ಜೀವಿ ಬಾಲದಿಂದ ಇರಿದಾಗ ಬಾಯಿಂದ ಬಂದದ್ದು ಚೀತ್ಕಾರವಲ್ಲ, "ಥೂ ಮತ್ತೆ" ಅನ್ನುವ ಮಾತು. ಆವತ್ತು ಮೀಡಿಯಂಗೆ ಇಳಿಸಿದೆ. ನಾಚಿಕೆಯಾಯಿತು, ತಮ್ಮನಿಗೆ ಹೇಳಲಿಲ್ಲ. ಆದರೆ ಸಾವು ಕಡಿಮೆಯಾದಂತೆ ಹೆದರಿಕೆ ವಾಪಸು ಬಂತು! ಇಪ್ಪತ್ತು ನಿಮಿಷ ಸಾಯದೆ ಉಳಿದರೆ ಕಳೆದುಕೊಳ್ಳಲು ಇಪ್ಪತ್ತು ನಿಮಿಷ ಕೈಯಲ್ಲಿರುತ್ತದೆ. ಆ ಗೇಮ್‌ನಲ್ಲಿ ಸೇವ್ ಮಾಡಲು ಗೋಡೆಯ ತುರ್ತು ಫೋನ್ ಹುಡುಕಿ, ಕಾರ್ಡ್ ತೂರಿಸಿ, ದೀಪಗಳು ಒಂದೊಂದಾಗಿ ಹೊತ್ತುವವರೆಗೆ ನಿಲ್ಲಬೇಕು. ಆ ಹೊತ್ತಿನಲ್ಲಿ ಕಾಲ ನಿಲ್ಲುವುದಿಲ್ಲ, ಆ ಜೀವಿ ಬೆನ್ನ ಹಿಂದೆ ಬಂದು ಕೊಲ್ಲಬಹುದು. ಹಾರ್ಡ್‌ನಲ್ಲಿ ಬೇಸತ್ತು ಆ ಫೋನಿನತ್ತ ಓಡುತ್ತಿದ್ದವನು ಮೀಡಿಯಂನಲ್ಲಿ ಗೋಡೆಗೆ ಒರಗಿ ತೆವಳಿದೆ.

ಹಾಗಂತ ಇಳಿಸಿದರೆ ಸಾಕು ಅಂತಲ್ಲ. 2019ರಲ್ಲಿ ಬಂದ ರೆಸಿಡೆಂಟ್ ಈವಿಲ್ 2ರ ಹೊಸ ರೂಪವನ್ನು ಸ್ಟ್ಯಾಂಡರ್ಡ್ ಎಂಬ ಸಾಮಾನ್ಯ ಮಟ್ಟದಲ್ಲಿ ಆಡಿದಾಗ ಟೈಪ್‌ರೈಟರ್ ಕಂಡಲ್ಲೆಲ್ಲ ಸೇವ್ ಮಾಡುತ್ತಾ ಪೊಲೀಸ್ ಠಾಣೆಯಲ್ಲಿ ವಾಯುವಿಹಾರಕ್ಕೆ ಬಂದವನಂತೆ ಓಡಾಡಿದ್ದೆ. ಅದಕ್ಕಿಂತ ಕಷ್ಟದ ಹಾರ್ಡ್‌ಕೋರ್‌ನಲ್ಲಿ ಪ್ರತಿ ಸೇವ್‌ಗೂ ಒಂದು ಇಂಕ್ ರಿಬ್ಬನ್ ಬೇಕು, ತಾನಾಗಿ ಆಗುವ ಸೇವ್ ಇಲ್ಲ. ಜೊಂಬಿ ಅದೇ, ಕಾರಿಡಾರ್ ಅದೇ. ಕೊನೆಯ ರಿಬ್ಬನ್ ಈಗ ಬಳಸಲೋ, ಇನ್ನೊಂದು ಕೋಣೆ ನೋಡಿ ಬರಲೋ ಅಂತ ನಿಂತಾಗ ಅಂಗೈ ಬೆವರಿತ್ತು. ಇಲ್ಲಿ ಏರಿಸಿದ್ದೇ ಸರಿ.

ಅಲ್ಲಿಂದ ನನ್ನ ರೂಢಿ ಬದಲಾಯಿತು. ಡಬ್ಬದ ಮೇಲಿನ ಹೆಸರನ್ನು ನೋಡುವುದಿಲ್ಲ. ಮೊದಲ ಎರಡು ಗಂಟೆ ನಾರ್ಮಲ್‌ನಲ್ಲಿ ಆಡಿ, ಸತ್ತಾಗ ಬಾಯಿಂದ ಏನು ಬರುತ್ತದೆ ಅಂತ ಗಮನಿಸುತ್ತೇನೆ. ಬೈಗುಳ ಬಂದರೆ ಒಂದು ಮಟ್ಟ ಇಳಿಸುತ್ತೇನೆ. ಏನೂ ಬರದಿದ್ದರೆ ಏರಿಸುತ್ತೇನೆ. ಒಗಟು ಬಿಡಿಸಲಾಗದೆ ಸಿಕ್ಕಿಬಿದ್ದರೆ ಅದು ಬೇರೆಯೇ ವಿಷಯ. 2001ರ ಸೈಲೆಂಟ್ ಹಿಲ್ 2 ಹೊಡೆದಾಟದ ಕಷ್ಟಕ್ಕೊಂದು, ಒಗಟಿನ ಕಷ್ಟಕ್ಕೊಂದು ಆಯ್ಕೆಯನ್ನು ಬೇರೆಬೇರೆಯಾಗಿಯೇ ಕೊಟ್ಟಿತ್ತು. ಇಂಥ ಬುದ್ಧಿವಂತಿಕೆಯನ್ನು ಎಲ್ಲರೂ ಯಾಕೆ ಕಲಿಯಲಿಲ್ಲವೋ.

ಸೋಮಾ ಮಾತ್ರ ಈ ರೂಢಿಗೆ ಬಗ್ಗಲಿಲ್ಲ. 2015ರ ಆ ಗೇಮ್‌ಗೆ 2017ರಲ್ಲಿ ಸೇಫ್ ಮೋಡ್ ಸೇರಿಸಿದರು, ಅದರಲ್ಲಿ ರಾಕ್ಷಸರು ಕೊಲ್ಲುವುದಿಲ್ಲ. ಮೊದಲ ರಾಕ್ಷಸನ ಮುಂದೆ ನಾನು ಸುಮ್ಮನೆ ನಿಂತೆ. ಅವನ ಭಯ ಅಲ್ಲಿಗೆ ಸತ್ತಿತು. ಆದರೆ ಮನುಷ್ಯನ ಪ್ರಜ್ಞೆಯ ಪ್ರತಿ ತೆಗೆದರೆ ಹಿಂದೆ ಉಳಿದವನ ಗತಿಯೇನು ಅನ್ನುವ ಅದರ ಕಥೆಯ ಭಯ ಹಾಗೇ ಉಳಿಯಿತು, ಇನ್ನೂ ಉಳಿದಿದೆ. ಸಾವಿಲ್ಲದ ಆಟವನ್ನು ಸರ್ವೈವಲ್ ಅನ್ನಲಾಗದು, ಹಾರರ್ ಅನ್ನದಿರಲೂ ಆಗದು.

ಇನ್ನು ತಮ್ಮನ ವಿಷಯ. ರೆಸಿಡೆಂಟ್ ಈವಿಲ್ 4ರ ಮೂಲ ಗೇಮ್, ಆಡುವವನ ಆಟ ನೋಡಿಕೊಂಡು ಗುಟ್ಟಾಗಿ ಕಷ್ಟ ಹೊಂದಿಸುತ್ತದೆ. ಪದೇ ಪದೇ ಸತ್ತರೆ ಸಲೀಸು ಮಾಡುತ್ತದೆ, ಚೆನ್ನಾಗಿ ಆಡಿದರೆ ಬಿಗಿ ಮಾಡುತ್ತದೆ. ಅಂದರೆ ನಾವಿಬ್ಬರೂ ನಾರ್ಮಲ್ ಅಂತ ಆಡಿದ್ದು ಒಂದೇ ಗೇಮ್ ಅಲ್ಲ. ಇದನ್ನು ಹೇಳಿದಾಗ ಅವನಿಗೆ ಖುಷಿಯೋ ಖುಷಿ: "ಅಂದ್ರೆ ನಿನಗೆ ಪಾಪ ಅಂತ ಸಲೀಸು ಮಾಡಿದ್ರೂ ಹೆದರಿಕೊಂಡೆಯಾ?"

ಅದರ ಅತಿ ಕಷ್ಟದ ಮಟ್ಟ ಪ್ರೊಫೆಷನಲ್‌ನಲ್ಲಿ ಈ ಕನಿಕರ ಇಲ್ಲ, ಎಷ್ಟು ಸಲ ಸತ್ತರೂ ಇಳಿಯುವುದಿಲ್ಲ. ಆಡಿ ತೋರಿಸು ಅಂದೆ. ಹಳ್ಳಿಗೆ ಬಂದ, ಮನೆಯೊಳಗೆ ನುಗ್ಗಿದ, ಕಪಾಟನ್ನು ಬಾಗಿಲಿಗೆ ತಳ್ಳಿದ. ಹೊರಗೆ ಚೈನ್‌ಸಾ ಗುರ್ ಅಂದಿತು. ತಮ್ಮ ಗೇಮ್ ನಿಲ್ಲಿಸುವ ಗುಂಡಿ ಒತ್ತಿ ಎದ್ದ. ಬಾಯಾರಿಕೆಯಂತೆ.