ಬೈಕಿನ ಮೊಬೈಲ್ ಹೋಲ್ಡರ್: ಬಿಗಿಗಿಂತ ನಡುಕದ ಲೆಕ್ಕ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಯಾವ ಅಂಗಡಿಗೆ ಹೋಗಿ ಬೈಕಿನ ಮೊಬೈಲ್ ಹೋಲ್ಡರ್ ಕೇಳಿದರೂ ಒಂದೇ ಪ್ರದರ್ಶನ. ಅಂಗಡಿಯವನು ತನ್ನ ಫೋನನ್ನೇ ಅದಕ್ಕೆ ಸಿಕ್ಕಿಸಿ, ತಲೆಕೆಳಗು ಮಾಡಿ, ಜೋರಾಗಿ ಅಲ್ಲಾಡಿಸಿ, "ನೋಡಿ ಸಾರ್, ಬೀಳೋ ಚಾನ್ಸೇ ಇಲ್ಲ" ಅನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಒಂದು ಮಟ್ಟದ ಲೋಹದ ಹೋಲ್ಡರಿನಿಂದ ಫೋನ್ ಜಾರಿ ಬೀಳುವುದು ಅಪರೂಪವೇ. ಆದರೆ ನನಗೆ ಬೇಕಿದ್ದ ಉತ್ತರ ಅದರಲ್ಲಿ ಇರಲಿಲ್ಲ. ಇಂಜಿನ್ನಿನ ನಡುಕ ಎಷ್ಟರ ಮಟ್ಟಿಗೆ ಫೋನಿನೊಳಗೆ ಇಳಿಯುತ್ತದೆ ಅನ್ನುವುದು ಅಂಗಡಿಯ ಗಾಜಿನ ಮೇಜಿನ ಮೇಲೆ ಗೊತ್ತಾಗುವ ವಿಷಯವಲ್ಲ.

ನನ್ನದು 350 ಸಿಸಿಯ ಹಳೇ ಒಂಟಿ ಸಿಲಿಂಡರ್ ಗಾಡಿ, ಇಂಜಿನ್ನಿನ ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇಲ್ಲದ ಕಾಲದ್ದು. ಗಂಟೆಗೆ 80 ಕಿ.ಮೀ. ಹತ್ತಿರ ಬಂದರೆ ಕನ್ನಡಿಯಲ್ಲಿ ಹಿಂದಿನ ಲಾರಿ ಎರಡಾಗಿ ಕಾಣುತ್ತದೆ. ನೆಲಮಂಗಲ, ಹಾಸನ, ಬೇಲೂರು ದಾಟಿ ಮೂಡಿಗೆರೆ ಕಡೆಯ ನಮ್ಮೂರಿಗೆ ಹೋಗಲು ಮ್ಯಾಪ್ ಬೇಕಿಲ್ಲ. ಬೇಕಾಗುವುದು ಅಲ್ಲಿಂದಾಚೆ ಕಾಫಿ ತೋಟಗಳ ನಡುವಿನ ಒಳದಾರಿಗಳಿಗೆ, ಚಾರ್ಮಾಡಿ ಇಳಿದು ಕರಾವಳಿಯ ಯಾವುದೋ ಮದುವೆ ಮನೆ ಹುಡುಕುವುದಕ್ಕೆ, ಬೇಸಿಗೆಯಲ್ಲಿ ಕಲಬುರಗಿ, ರಾಯಚೂರು ಕಡೆ ಹೊರಟಾಗ. ಅಂದರೆ ಮಳೆ, ಬಿಸಿಲು, ಗುಂಡಿ, ನೆಟ್‌ವರ್ಕ್ ಇಲ್ಲದ ಘಾಟಿ, ಎಲ್ಲವನ್ನೂ ಒಂದೇ ಹೋಲ್ಡರ್ ತಾಳಿಕೊಳ್ಳಬೇಕು.

ನಡುಕದ ಬಗ್ಗೆ ಇಷ್ಟು ಯೋಚಿಸಲು ಕಾರಣ ಒಬ್ಬ ಗೆಳೆಯನ ಫೋನು. ಹ್ಯಾಂಡಲ್ ಮೇಲೆ ಕಟ್ಟಿಕೊಂಡು ಕೆಲವು ತಿಂಗಳು ಓಡಾಡಿದ ಮೇಲೆ ಅದರ ಕ್ಯಾಮೆರಾ ತೆರೆದರೆ ಪರದೆಯ ಮೇಲಿನ ಚಿತ್ರವೇ ಗಡಗಡ ನಡುಗುತ್ತಿತ್ತು. ರಿಪೇರಿಯವರು ಕ್ಯಾಮೆರಾ ಮಾಡ್ಯೂಲನ್ನೇ ಬದಲಿಸಬೇಕು ಎಂದರು. ಈಚಿನ ಅನೇಕ ಫೋನುಗಳ ಮುಖ್ಯ ಕ್ಯಾಮೆರಾದಲ್ಲಿ ಓಐಎಸ್ ಇರುತ್ತದೆ. ನಮ್ಮ ಕೈ ಅಲುಗಿದರೂ ಫೋಟೊ ಮಸುಕಾಗದಂತೆ ಪುಟ್ಟ ಸುರುಳಿ ಮತ್ತು ಆಯಸ್ಕಾಂತಗಳು ಲೆನ್ಸನ್ನು (ಕೆಲವದರಲ್ಲಿ ಸೆನ್ಸರನ್ನು) ಎದುರು ದಿಕ್ಕಿಗೆ ಸರಿಸುವ ಏರ್ಪಾಡು ಅದು. ಹಾಗಾಗಿ ಆ ಲೆನ್ಸು ಬಿಗಿಯಾಗಿ ಕೂತಿರುವುದಿಲ್ಲ, ತೂಗಾಡುತ್ತಿರುತ್ತದೆ. 4000 ಆರ್‌ಪಿಎಂನಲ್ಲಿ (ಅಂದರೆ ನಿಮಿಷಕ್ಕೆ 4000 ಸುತ್ತು) ತಿರುಗುವ ಇಂಜಿನ್ ಸೆಕೆಂಡಿಗೆ ಸುಮಾರು 67 ಸಲ ಹ್ಯಾಂಡಲನ್ನು ಅಲುಗಿಸುತ್ತದೆ. ಗಂಟೆಯ ಲೆಕ್ಕ ಹಾಕಿದರೆ ಎರಡು ಲಕ್ಷ ದಾಟುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಆಪಲ್ ಕಂಪನಿಯೇ ಈ ವಿಷಯ ಬಾಯಿಬಿಟ್ಟು ಹೇಳಿತು: ಶಕ್ತಿಶಾಲಿ ಇಂಜಿನ್ನಿನ ಮೋಟರ್‌ಸೈಕಲ್ಲಿಗೆ ಐಫೋನ್ ಕಟ್ಟಬೇಡಿ, ಚಾಸಿ ಮತ್ತು ಹ್ಯಾಂಡಲ್ ಮೂಲಕ ಬರುವ ನಡುಕದಿಂದ ಓಐಎಸ್, ಆಟೋಫೋಕಸ್ ಎರಡೂ ಕೆಡಬಹುದು ಎಂದು. ಅಂದಹಾಗೆ, ಕ್ಯಾಮೆರಾ ಬಂದ್ ಇರುವಾಗ ಫೋನನ್ನು ಅಲ್ಲಾಡಿಸಿ ಒಳಗೆ ಕಟಕಟ ಸದ್ದು ಕೇಳಿದರೆ ಗಾಬರಿ ಬೇಡ, ಓಐಎಸ್ ಇರುವ ಹಲವು ಫೋನುಗಳಲ್ಲಿ ಅದು ಸಹಜ. ಕ್ಯಾಮೆರಾ ತೆರೆದಾಗ ಚಿತ್ರ ನಡುಗಿದರೆ, ಫೋಕಸ್ ಕೂರದಿದ್ದರೆ ಮಾತ್ರ ತೊಂದರೆ ಆಗಿದೆ ಅಂತ.

ಹೋಲ್ಡರ್ ಯಾವುದು ಅನ್ನುವ ಮೊದಲು ಎಲ್ಲಿ ಕೂರಿಸುವುದು ಅನ್ನುವುದನ್ನು ತೀರ್ಮಾನಿಸಿದೆ. ನನ್ನ ಅನುಭವದಲ್ಲಿ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಹ್ಯಾಂಡಲ್ ಬಾರನ್ನು ಗಾಡಿ ಬಿಗಿಯಾಗಿ ಹಿಡಿದಿರುವುದು ನಡುವಿನ ಕ್ಲಾಂಪುಗಳ ಬಳಿ ಮಾತ್ರ. ಅಲ್ಲಿಂದ ಗ್ರಿಪ್ಪಿನ ಕಡೆಗೆ ಸರಿದಷ್ಟೂ ಅಲುಗಾಟ ಜಾಸ್ತಿ. ಕನ್ನಡಿಯ ಕಂಬಕ್ಕೆ ಕಟ್ಟುವ ಹೋಲ್ಡರ್ ಬೈಕಿನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟ ಜಾಗ. ಕನ್ನಡಿಯಲ್ಲಿ ಎರಡಾದ ಲಾರಿಯೇ ಅದಕ್ಕೆ ಸಾಕ್ಷಿ. ಕ್ಲಾಂಪಿನ ಪಕ್ಕಕ್ಕೇ, ಸಾಧ್ಯವಾದಷ್ಟು ಗಿಡ್ಡ ತೋಳಿನ ಹೋಲ್ಡರ್ ಅಂದುಕೊಂಡೆ. ಉದ್ದ ತೋಳು ಕಣ್ಣಿಗೆ ಹತ್ತಿರ ತರುತ್ತದೆ ನಿಜ, ಆದರೆ ನಡುಕವನ್ನೂ ದೊಡ್ಡದು ಮಾಡುತ್ತದೆ.

ಜಾಗ ಗೊತ್ತು ಮಾಡುವಾಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಬೇಕು. ಹೋಲ್ಡರಿನ ಮೂಲೆ ಟ್ಯಾಂಕಿಗೆ ತಾಗುತ್ತದೆಯೇ, ಕ್ಲಚ್ ಕೇಬಲ್ಲು ಸಿಕ್ಕಿಕೊಳ್ಳುತ್ತದೆಯೇ, ಮೀಟರು ಮತ್ತು ಇಂಡಿಕೇಟರ್ ದೀಪ ಮುಚ್ಚಿಹೋಗುತ್ತವೆಯೇ, ಕೀಲಿ ತಿರುಗಿಸಲು ಬೆರಳಿಗೆ ಜಾಗ ಉಳಿಯುತ್ತದೆಯೇ. ಹ್ಯಾಂಡಲಿನ ದಪ್ಪವನ್ನೂ ಅಳೆಯಿರಿ. ನಮ್ಮಲ್ಲಿ ಹೆಚ್ಚಿನ ಬೈಕುಗಳದು 22 ಮಿ.ಮೀ. ಆದರೆ ತುದಿಗೆ ಸಣ್ಣಗಾಗುತ್ತ ಹೋಗುವ ದಪ್ಪ ಹ್ಯಾಂಡಲ್‌ಗಳಲ್ಲಿ ನಡುಭಾಗ 28 ಮಿ.ಮೀ. ಮೇಲಿರುತ್ತದೆ, ಅಲ್ಲಿ ಸಾಮಾನ್ಯ ಕ್ಲಾಂಪು ಮುಚ್ಚಿಕೊಳ್ಳುವುದೇ ಇಲ್ಲ.

ಇನ್ನು ಹಿಡಿತದ ಬಗೆಗಳು. ಪ್ಲಾಸ್ಟಿಕ್ಕಿನ ಅಗ್ಗದ ಹೋಲ್ಡರ್ ಸಿಟಿಯೊಳಗೆ ನಿಧಾನಕ್ಕೆ ಓಡಾಡುವವರಿಗೆ ಸಾಕಾಗಬಹುದು. ಬಿಸಿಲಿಗೆ ಅದರ ಹಲ್ಲುಗಳು ಪೆಡಸಾಗುತ್ತವೆ, ಅಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಎಕ್ಸ್ ಆಕಾರದ ನಾಲ್ಕು ಕೈಗಳ ಹೋಲ್ಡರ್ ನನಗೆ ಇಷ್ಟವಾಗಿತ್ತು. ಆದರೆ ಆ ಕೈಗಳು ನನ್ನ ಫೋನಿನ ಪವರ್ ಬಟನ್ ಮೇಲೇ ಬಂದು ಕೂರುತ್ತಿದ್ದವು. ಗುಂಡಿಗೆ ಇಳಿದಾಗಲೆಲ್ಲ ಪರದೆ ಆರುವುದು, ಇಲ್ಲವೇ ಕ್ಯಾಮೆರಾ ತೆರೆದುಕೊಳ್ಳುವುದು. ಆಂಡ್ರಾಯ್ಡ್‌ನಲ್ಲಿ ಪವರ್ ಬಟನ್ ಐದು ಸಲ ಒತ್ತಿದರೆ ತುರ್ತು ಕರೆ ಹೋಗುವ ಸೌಲಭ್ಯವಿದೆ, ಅದು ಘಾಟಿಯ ನಡುವೆ ತಾನಾಗಿ ಶುರುವಾಗುವುದು ಯಾರಿಗೂ ಬೇಡ. ಅಂಗಡಿಗೆ ಹೋಗುವಾಗ ಕವರ್ ಸಮೇತ ನಿಮ್ಮದೇ ಫೋನ್ ಒಯ್ದು ಬಟನ್ ಎಲ್ಲಿ ಬರುತ್ತದೆ ನೋಡಿ. ಹಿಂಬದಿಯಲ್ಲಿ ಒಂದು ಬಿಲ್ಲೆ ಇರುವ ಕವರ್ ಹಾಕಿ ಫೋನನ್ನು ತಿರುಗಿಸಿ ಲಾಕ್ ಮಾಡುವ ಬಗೆ ಇದೆಯಲ್ಲ, ಅದು ಬಟನ್ನಿಗೆ ತಾಗುವುದಿಲ್ಲ, ಒಂದೇ ಕೈಯಲ್ಲಿ ತೆಗೆಯಬಹುದು. ಆದರೆ ಅದಕ್ಕೆ ತಕ್ಕ ಕವರೇ ಬೇಕು, ಫೋನ್ ಬದಲಾದರೆ ಕವರಿಗೂ ದುಡ್ಡು. ನಾನು ಕೊನೆಗೆ ಇಟ್ಟುಕೊಂಡದ್ದು ಮೂಲೆಗಳಲ್ಲಿ ಹಿಡಿಯುವ ಅಲ್ಯೂಮಿನಿಯಂ ಹೋಲ್ಡರ್. ಅದರ ಕೆಳಗೆ ನಡುಕ ತಗ್ಗಿಸುವ ಡ್ಯಾಂಪರ್ ಸೇರಿಸಲು ಆಗುತ್ತಿತ್ತು, ಆರಿಸಿದ್ದು ಅದಕ್ಕೇ.

ಡ್ಯಾಂಪರ್ ಅಂದರೆ ದೊಡ್ಡ ಯಂತ್ರವೇನಲ್ಲ, ನಾಲ್ಕು ರಬ್ಬರ್ ಗುಂಡುಗಳ ಮೇಲೆ ಕೂತ ಒಂದು ತಟ್ಟೆ. ಆದರೆ ಇದರ ಬಗ್ಗೆ ಜನರಲ್ಲಿ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಕಂಡಿಲ್ಲ. ಹಾಕಿಸಿಕೊಂಡವರು ಸಿಗ್ನಲ್ಲಿನಲ್ಲಿ ನಿಂತಾಗ ಫೋನ್ ಮೊದಲಿಗಿಂತ ಜಾಸ್ತಿ ಕುಣಿಯುವುದನ್ನು ನೋಡಿ, "ಇದೇನು ದಂಡ" ಅಂತ ಬಿಚ್ಚಿ ಎಸೆಯುತ್ತಾರೆ. ಜೋಕಾಲಿಯ ಲಯಕ್ಕೆ ಸರಿಯಾಗಿ ತಳ್ಳಿದರೆ ಅದು ಮೇಲೇರುತ್ತದೆ. ಅದೇ ಹಗ್ಗವನ್ನು ಬಿರಬಿರನೆ ಅಲುಗಿಸಿದರೆ ಮಣೆ ಕದಲುವುದೇ ಇಲ್ಲ. ರಬ್ಬರಿನ ಮೇಲೆ ಕೂತ ಫೋನಿಗೂ ಹಾಗೆಯೇ ಒಂದು ಸ್ವಂತ ಲಯ ಇರುತ್ತದೆ. ಐಡಲಿಂಗ್‌ನಲ್ಲಿ 1000 ಆರ್‌ಪಿಎಂ ಅಂದರೆ ಸೆಕೆಂಡಿಗೆ 16–17 ಸಲ, ಅದು ಆ ಲಯದ ಆಸುಪಾಸಿಗೆ ಬಂದರೆ ಕುಣಿತ ಹೆಚ್ಚುತ್ತದೆ. ಇಂಜಿನ್ನಿನ ನಡುಕ ಆ ಲಯದ ಒಂದೂವರೆ ಪಟ್ಟು ದಾಟಿದ ಮೇಲೆ ರಬ್ಬರ್ ತಡೆಯತೊಡಗುತ್ತದೆ, ವೇಗ ಏರಿದಷ್ಟೂ ಚೆನ್ನಾಗಿ. ಕ್ಯಾಮೆರಾವನ್ನು ಹಾಳು ಮಾಡುವುದು ಗಂಟೆಗಟ್ಟಲೆ ನಡೆಯುವ ಆ ಸಣ್ಣ, ವೇಗದ ನಡುಕ. ಸಿಗ್ನಲ್ಲಿನ ಕುಣಿತ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ.

ನಂಬಿಕೆಯ ಮೇಲೆ ಬಿಡಲು ಮನಸ್ಸಾಗದೆ ಅಳೆದೂ ನೋಡಿದೆ. ಜರ್ಮನಿಯ ಆಹೆನ್‌ನ ಆರ್‌ಡಬ್ಲ್ಯೂಟಿಎಚ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಇದೆ, ಫೋನಿನ ಸೆನ್ಸರುಗಳನ್ನೇ ಬಳಸಿ ಅಲುಗಾಟವನ್ನು ಗ್ರಾಫಿನಲ್ಲಿ ತೋರಿಸುತ್ತದೆ. ಮನೆಯ ಮುಂದೆ ಗಾಡಿಯನ್ನು ಮಧ್ಯದ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಥ್ರಾಟಲ್ ಏರಿಸಿ, ಹಳೇ ಫೋನನ್ನು ಕನ್ನಡಿ ಕಂಬಕ್ಕೆ, ಗ್ರಿಪ್ಪಿನ ಪಕ್ಕಕ್ಕೆ, ಕ್ಲಾಂಪಿನ ಪಕ್ಕಕ್ಕೆ, ಆಮೇಲೆ ಡ್ಯಾಂಪರ್ ಜೊತೆಗೆ ಕಟ್ಟಿ ನೋಡಿದೆ. ಕನ್ನಡಿ ಕಂಬದಿಂದ ಕ್ಲಾಂಪಿನ ಪಕ್ಕಕ್ಕೆ ಬಂದಾಗಲೇ ಗ್ರಾಫು ಕಣ್ಣಿಗೆ ಹೊಡೆಯುವಷ್ಟು ಇಳಿಯಿತು. ಮಧ್ಯಮ ಆರ್‌ಪಿಎಂನಲ್ಲಿ ಡ್ಯಾಂಪರ್ ಅದನ್ನು ಇನ್ನೂ ಅರ್ಧಕ್ಕಿಂತ ಕೆಳಗೆ ತಂದಿತು. ಐಡಲಿಂಗ್‌ನಲ್ಲಿ ಮಾತ್ರ ಡ್ಯಾಂಪರ್ ಇಲ್ಲದ್ದೇ ಮೇಲು. ಪಕ್ಕದ ಮನೆಯ ಅಜ್ಜ ಗೇಟಿಗೆ ಬಂದು "ಗಾಡಿಗೇನಾಯ್ತಪ್ಪಾ, ಬೆಳಗ್ಗಿಂದ ಒದರ್ತಿದೆ" ಅಂದಾಗ ನಿಲ್ಲಿಸಿದೆ.

ಇಷ್ಟಾದ ಮೇಲೂ ನನ್ನ ದುಬಾರಿ ಫೋನನ್ನು ಹ್ಯಾಂಡಲ್ಲಿಗೆ ಕಟ್ಟುವ ಧೈರ್ಯ ಮಾಡಲಿಲ್ಲ. ಡ್ಯಾಂಪರ್ ನಡುಕವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಡ್ರಾಯರಿನಲ್ಲಿ ಬಿದ್ದಿದ್ದ ಹಳೇ ಫೋನಿಗೆ ಓಐಎಸ್ ಇಲ್ಲ, ಇರುವುದು ಇಐಎಸ್. ಅದು ಸಾಫ್ಟ್‌ವೇರಿನ ಕೆಲಸ, ಅಲುಗುವ ಭಾಗ ಇಲ್ಲ. ಅದಕ್ಕೇ ಹೊಸ ಬ್ಯಾಟರಿ ಹಾಕಿಸಿ ಮ್ಯಾಪಿನ ಫೋನು ಮಾಡಿಕೊಂಡೆ. ಮುಖ್ಯ ಫೋನ್ ಜಾಕೆಟ್ಟಿನ ಒಳಜೇಬಿನಲ್ಲಿ, ಅಲ್ಲಿಂದಲೇ ಹಾಟ್‌ಸ್ಪಾಟ್. ಹಳೇ ಫೋನು ಹಗುರವೂ ಹೌದು, ಹಾಗಾಗಿ ಡ್ಯಾಂಪರ್ ಮೇಲೂ ಭಾರ ಕಡಿಮೆ. ಟೀ ಕುಡಿಯಲು ನಿಂತಾಗ ಅದನ್ನು ಬಿಚ್ಚಿಕೊಳ್ಳುವುದನ್ನು ಮರೆತರೂ ಎದೆ ಧಸಕ್ಕೆನ್ನುವುದಿಲ್ಲ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಾಗಿಲ್ಲ, ಹೊರಡುವ ಹಿಂದಿನ ರಾತ್ರಿ ವೈಫೈನಲ್ಲಿ ಆ ಪ್ರದೇಶದ ಮ್ಯಾಪ್ ಇಳಿಸಿಕೊಂಡರೆ ಕೊಟ್ಟಿಗೆಹಾರ ದಾಟಿ ಸಿಗ್ನಲ್ ಹೋದರೂ ದಾರಿ ಸಿಗುತ್ತದೆ. ಆದರೆ ಆಫ್‌ಲೈನಿನಲ್ಲಿ ಸಿಗುವುದು ಕಾರಿನ ದಾರಿ, ಟ್ರಾಫಿಕ್ ಮಾಹಿತಿ ಇಲ್ಲದ್ದು. ಗೂಗಲ್ ಮ್ಯಾಪ್ಸ್‌ನಲ್ಲಿ ಭಾರತಕ್ಕೆಂದು ದ್ವಿಚಕ್ರದ ಮೋಡ್ ಬಂದದ್ದು 2017ರ ಡಿಸೆಂಬರ್‌ನಲ್ಲಿ. ನೆಟ್‌ವರ್ಕ್ ಇರುವಲ್ಲಿ ಅದನ್ನೇ ಇಟ್ಟುಕೊಳ್ಳಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶ ಇಲ್ಲ, ಕಾರಿನ ಮೋಡ್ ನಂಬಿದರೆ ನೇರ ಅಲ್ಲಿಗೇ ಕರೆದೊಯ್ಯುತ್ತದೆ.

ಚಾರ್ಜಿಂಗ್ ವಿಷಯದಲ್ಲಿ ನಮ್ಮ ಎಲೆಕ್ಟ್ರಿಷಿಯನ್ ಅಣ್ಣನ ಮಾತು ಕೇಳಿದೆ. ಯುಎಸ್‌ಬಿ ಚಾರ್ಜರನ್ನು ನೇರ ಬ್ಯಾಟರಿಗೆ ಕೊಟ್ಟರೆ ಗಾಡಿ ನಿಂತಾಗಲೂ ಅದು ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಿರುತ್ತದೆ, ಎರಡು ವಾರ ಊರಲ್ಲಿ ಇಲ್ಲದಿದ್ದರೆ ಸೆಲ್ಫ್ ಎತ್ತದಿರಬಹುದು. ಬ್ಯಾಟರಿಯಿಂದ 5 ಆಂಪಿಯರ್ ಫ್ಯೂಸು, ಅಲ್ಲಿಂದ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್ಚು), ಆ ರಿಲೇಗೆ ಕೀಲಿ ಹಾಕಿದಾಗ ಮಾತ್ರ ಬರುವ ಲೈನು. ಕೇಬಲ್ಲಿಗೆ ಹ್ಯಾಂಡಲ್ ಪೂರ್ತಿ ತಿರುಗಿದಾಗಲೂ ಸಡಿಲ ಉಳಿಯಬೇಕು, ಎಲ್ ಆಕಾರದ ಪಿನ್ ಆದರೆ ಒಳ್ಳೆಯದು. ವೈರ್‌ಲೆಸ್ ಚಾರ್ಜಿಂಗ್ ಇರುವ ಹೋಲ್ಡರ್ ನೋಡಲು ಚಂದ. ಆದರೆ ಅದು ಫೋನನ್ನು ಕಾಯಿಸುತ್ತದೆ, ಮೇಲೆ ರಾಯಚೂರಿನ ಏಪ್ರಿಲ್ ಬಿಸಿಲು ಸೇರಿದರೆ ಫೋನು ಪರದೆಯನ್ನು ಮಂಕು ಮಾಡಿ, ಚಾರ್ಜ್ ನಿಲ್ಲಿಸಿ ಕೂರುತ್ತದೆ.

ಮಳೆಗೆಂದು ಮಾರುವ ಪ್ಲಾಸ್ಟಿಕ್ ಚೀಲದ ಹೋಲ್ಡರ್ ಬಗ್ಗೆ ನನಗೆ ಒಳ್ಳೆ ಅಭಿಪ್ರಾಯ ಇಲ್ಲ. ಬಿಸಿಲಲ್ಲಿ ಒಳಗೆ ಬೇಯುತ್ತದೆ, ಮಳೆಯಲ್ಲಿ ಒಳಗೇ ಹಬೆ ಕಟ್ಟುತ್ತದೆ. ಚೀಲ ಇರಲಿ ಇಲ್ಲದಿರಲಿ, ಹನಿ ಬಿದ್ದ ಪರದೆ ಬೆರಳಿನ ಮಾತು ಕೇಳುವುದಿಲ್ಲ. ನೀರೇ ಮ್ಯಾಪನ್ನು ಎಲ್ಲೆಲ್ಲಿಗೋ ಎಳೆದುಬಿಡುತ್ತದೆ. ಮಲೆನಾಡಿನ ಜುಲೈಯಲ್ಲಿ ನಾನು ಮಾಡುವುದು ಸುಲಭ: ಫೋನು ಒಳಜೇಬಿಗೆ, ಧ್ವನಿ ಹೆಲ್ಮೆಟ್ಟಿನ ಬ್ಲೂಟೂತ್ ಸ್ಪೀಕರಿಗೆ. ಗೂಗಲ್ ಮ್ಯಾಪ್ಸ್ 2018ರಿಂದ ಕನ್ನಡದಲ್ಲೇ ದಾರಿ ಹೇಳುತ್ತದೆ. ಊರಿನ ಹೆಸರುಗಳನ್ನು ಒಮ್ಮೊಮ್ಮೆ ತಮಾಷೆಯಾಗಿ ಉಚ್ಚರಿಸಿದರೂ ಎಡ ಬಲ ತಪ್ಪುವುದಿಲ್ಲ. ನಿಜ ಹೇಳಬೇಕೆಂದರೆ ಒಣಹವೆಯಲ್ಲೂ ದಾರಿಯ ಮುಕ್ಕಾಲು ಭಾಗ ಕಿವಿಯಿಂದಲೇ ಹೋಗುತ್ತೇನೆ, ಪರದೆ ನೋಡುವುದು ಕವಲು ಗೊಂದಲವಾದಾಗ. 2020ರ ಅಕ್ಟೋಬರ್ 1ರಿಂದ ಜಾರಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯೂ ಫೋನನ್ನು ದಾರಿ ನೋಡಲು ಮಾತ್ರ, ಗಮನ ಕೆಡದಂತೆ ಬಳಸಬೇಕು ಎನ್ನುತ್ತದೆ. ಪೋಲರೈಸ್ಡ್ ಕನ್ನಡಕ ಹಾಕುವವರು ಕೊಳ್ಳುವ ಮೊದಲು ಫೋನನ್ನು ನೆಟ್ಟಗೂ ಅಡ್ಡಕ್ಕೂ ಹಿಡಿದು ನೋಡಿಕೊಳ್ಳಿ, ಒಂದು ಕಡೆಗೆ ಪರದೆ ಪೂರ್ತಿ ಕಪ್ಪಾಗಿ ಕಾಣಬಹುದು.

ಹಾಕಿದ ಮೇಲಿನ ಆರೈಕೆ ಸ್ವಲ್ಪವೇ. ಲೋಹದ ಬೋಲ್ಟುಗಳಿಗೆ ನಡುಕಕ್ಕೆ ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಥ್ರೆಡ್‌ಲಾಕರ್ ಒಂದು ಹನಿ ಬಿಟ್ಟಿದ್ದೇನೆ. ಪ್ಲಾಸ್ಟಿಕ್ ಭಾಗಕ್ಕೆ ಅದನ್ನು ತಾಗಿಸಬೇಡಿ, ಬಿರುಕು ಬಿಡುತ್ತದೆ. ಕ್ಲಾಂಪಿನ ಕೆಳಗೆ ಹಳೇ ಸೈಕಲ್ ಟ್ಯೂಬಿನ ತುಂಡು ಹಾಕಿದರೆ ಹ್ಯಾಂಡಲ್ ಗೀರುವುದಿಲ್ಲ, ಹೋಲ್ಡರ್ ತಿರುಗುವುದಿಲ್ಲ. ನಡುಕ ಮಾತ್ರ ಅದರಿಂದ ಕಡಿಮೆಯಾಗದು, ಅಷ್ಟು ಬಿಗಿಯಾಗಿ ಅಮುಕಿದ ರಬ್ಬರಿಗೆ ಅಲುಗಲು ಜಾಗವೇ ಇರುವುದಿಲ್ಲ. ಡ್ಯಾಂಪರಿನ ರಬ್ಬರುಗಳನ್ನು ಮಳೆಗಾಲಕ್ಕೆ ಮುಂಚೆ ಒತ್ತಿ ನೋಡುತ್ತೇನೆ, ಗಟ್ಟಿಯಾಗಿದ್ದರೆ ಅಥವಾ ಸೀಳಿದ್ದರೆ ಬದಲು.

ಸ್ಕೂಟರಿನವರು ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕೇ ಎಂದು ತಂಗಿ ಕೇಳಿದಳು. ಅವಳ ಗಾಡಿಯ ಹ್ಯಾಂಡಲ್ ಪೂರ್ತಿ ಪ್ಲಾಸ್ಟಿಕ್ ಹೊದಿಕೆಯೊಳಗಿದೆ, ಕನ್ನಡಿ ಕಂಬ ಬಿಟ್ಟರೆ ಕಟ್ಟಲು ಬೇರೆ ಜಾಗ ಇಲ್ಲ. ಸಣ್ಣ ಇಂಜಿನ್ ಅಥವಾ ಎಲೆಕ್ಟ್ರಿಕ್ ಸ್ಕೂಟರಿನ ನಡುಕ ಕಡಿಮೆಯೇ. ಆಪಲ್ ಕೂಡ ಅವಕ್ಕೆ ಬೇಡ ಎನ್ನದೆ, ಡ್ಯಾಂಪರ್ ಇರಲಿ, ತುಂಬ ಹೊತ್ತು ದಿನವೂ ಕಟ್ಟಿಡಬೇಡಿ ಎಂದಷ್ಟೇ ಹೇಳಿದೆ. ಅವಳು ಆಫೀಸಿಗೆ ಹೋಗಿಬರುವ ದಾರಿಗೆ ಮ್ಯಾಪೇ ಬೇಡ. ಹೊಸ ಜಾಗಕ್ಕೆ ಹೋಗುವ ದಿನ ಮಾತ್ರ ಕನ್ನಡಿ ಕಂಬದ ಹೋಲ್ಡರಿಗೆ ಫೋನ್ ಏರಿಸುತ್ತಾಳೆ, ಉಳಿದ ದಿನ ಅದು ಬ್ಯಾಗಿನಲ್ಲಿ.