ಕರುವಿನ ಕೊರಳಿಗೆ ಬೋಲಿನ್ ಗಂಟು

ಹೋದ ಆಷಾಢದಲ್ಲಿ ನಮ್ಮ ಮಲೆನಾಡು ಗಿಡ್ಡದ ಕರು ಕೊಟ್ಟಿಗೆಯಲ್ಲಿ ಜಾರಿ ಬಿತ್ತು. ಕೊರಳಿಗೆ ನಾನೇ ಹಾಕಿದ್ದ ಜೀರುಕುಣಿಕೆ ಬಿಗಿದು ನಾಲಿಗೆ ಹೊರಬಂದಿತ್ತು. ಕತ್ತಿಯಲ್ಲಿ ಹಗ್ಗ ಕೊಯ್ದು ಉಳಿಸಿಕೊಂಡೆ. ಮಂಗಳೂರಿನ ಬಂದರಿನಲ್ಲಿ ದುಡಿದು ಬಂದ ಸೋದರಮಾವ, "ಹೀಗೆ ಕಟ್ಟಿದ್ರೆ ಕರು ಉಳೀತದೇನೆ ಮಾರಾಯ್ತಿ? ಬೋಲಿನ್ ಹಾಕು" ಎಂದು ಕೈಹಿಡಿದು ಕಲಿಸಿದರು.

ತುದಿಯಿಂದ ಎರಡು ಮೊಳ ಬಿಟ್ಟು ಒಂದು ಚಿಕ್ಕ ಸುರುಳಿ ಮಾಡಿ. ತುದಿಯ ಕಡೆಯ ಎಳೆ ಮೇಲೆ, ಗೂಟದ ಕಡೆಯದು ಕೆಳಗೆ ಇರಬೇಕು. ಇದೊಂದು ತಪ್ಪಿದರೆ ಗಂಟೇ ಕೂರುವುದಿಲ್ಲ. ಈಗ ತುದಿಯನ್ನು ಕೊರಳಿಗೆ ಬಳಸಿ ತಂದು, ಸುರುಳಿಯೊಳಗೆ ಕೆಳಗಿನಿಂದ ಮೇಲಕ್ಕೆ ತೂರಿಸಿ. ಗೂಟದ ಕಡೆ ಹೋಗುವ ಹಗ್ಗದ ಬೆನ್ನ ಹಿಂದೆ ಸುತ್ತಿಸಿ, ಬಂದ ದಾರಿಯಲ್ಲೇ ಸುರುಳಿಯೊಳಕ್ಕೆ ಇಳಿಸಿ, ಬಿಗಿಯಾಗಿ ಎಳೆಯಿರಿ. ಬಾಲ ಒಂದು ಗೇಣಾದರೂ ಉಳಿಯಲಿ. ಕೊರಳಿಗೂ ಹಗ್ಗಕ್ಕೂ ನಡುವೆ ನಾಲ್ಕು ಬೆರಳು ಆಡಬೇಕು. ತೀರಾ ಸಡಿಲವಾದರೆ ಕರು ಕಾಲು ಸಿಕ್ಕಿಸಿಕೊಳ್ಳುತ್ತದೆ.

ಎಷ್ಟು ಜಗ್ಗಿದರೂ ಈ ಕುಣಿಕೆ ಕಿರಿದಾಗುವುದಿಲ್ಲ. ಗಾಳಿಯ ಜಗ್ಗಾಟ ತಡೆಯಲು ಹಡಗಿನವರು ಬಳಸುತ್ತಿದ್ದ ಗಂಟು ಇದು. ಹಾಯಿಹಡಗಿನಲ್ಲಿ ಗಾಳಿಗೆ ಎದುರಾಗುವ ಹಾಯಿಯ ಅಂಚು ಮಡಚದಂತೆ ಅದನ್ನು ಹಡಗಿನ ಮುಂಭಾಗಕ್ಕೆ ಎಳೆದು ಕಟ್ಟುತ್ತಿದ್ದ ಹಗ್ಗಕ್ಕೆ ಬೋಲಿನ್ ಎಂದು ಹೆಸರು. ಹಗ್ಗದ ಹೆಸರೇ ಗಂಟಿಗೂ ಬಂತು. ಹಾಯಿ ಹರಿದರೂ ಈ ಗಂಟು ಜಾರದು ಎಂದು ಇಂಗ್ಲಿಷ್ ನಾವಿಕ ಜಾನ್ ಸ್ಮಿತ್ 1627ರಲ್ಲೇ ಬರೆದಿದ್ದಾನೆ. ಹಡಗಿನ ಮುಂಭಾಗಕ್ಕೆ ಇಂಗ್ಲಿಷಿನಲ್ಲಿ 'ಬೌ'; ಬೋಲಿನ್ ಎಂಬ ಹೆಸರಿನ ಮೊದಲ ತುಂಡು ಇದೇ. ಬಿಲ್ಲಿನ 'ಬೋ'ಗೂ ಇದಕ್ಕೂ ಬರೆಯುವ ಅಕ್ಷರ ಒಂದೇ, ಬೇರು ಬೇರೆ. ಬಿಲ್ಲಿನದು ಬಾಗುವುದರಿಂದ ಬಂದದ್ದು; ಹಡಗಿನದು ಹೆಗಲು ಎಂಬ ಅರ್ಥದ ಹಳೆಯ ಪದದಿಂದ. ನೊಗ ಹೊರುವ ಎತ್ತನ್ನು ನೋಡಿ ಬೆಳೆದ ನನಗೆ ಹಡಗಿಗೂ ಹೆಗಲಿದೆ ಎನ್ನುವುದು ಬಹಳ ಹಿಡಿಸಿತು.

ನೈಲಾನ್ ಹಗ್ಗವಾದರೆ ಎಚ್ಚರ. ಕರು ಸುಮ್ಮನೆ ನಿಂತು ಹಗ್ಗ ಸಡಿಲವಾದಾಗ ನುಣುಪಿಗೆ ಗಂಟು ಮೆಲ್ಲಗೆ ಬಿಚ್ಚಿಕೊಳ್ಳಬಹುದು. ಉಳಿದ ಬಾಲವನ್ನು ಪಕ್ಕದ ಎಳೆಗೆ ಸುತ್ತಿ ಇನ್ನೊಂದು ಗಂಟು ಹಾಕಿಬಿಡಿ.

ಬಿಚ್ಚುವಾಗ, ಬೆನ್ನ ಹಿಂದೆ ಸುತ್ತಿದ ಬಾಗನ್ನು ಹೆಬ್ಬೆರಳಿನಿಂದ ತಳ್ಳಿದರೆ ಸಾಕು, ಮಳೆಗೆ ನೆನೆದ ಹಗ್ಗವೂ ಸಡಿಲಾಗುತ್ತದೆ. ಆದರೆ ಕರು ಜಗ್ಗುತ್ತಿರುವಾಗ ಇದನ್ನು ಬಿಚ್ಚಲಾಗದು. ಅದಕ್ಕೇ ಗೂಟದ ಕಡೆ ಮಾತ್ರ, ತುದಿ ಎಳೆದೊಡನೆ ಬಿಚ್ಚುವಂಥ ಗಂಟು ಹಾಕುತ್ತೇನೆ.